ಮೂವತ್ತು ಕರೆಂಟ್, ಮೋಶೆಯ ಕೈ: ಜೀವನಸಂಗಾತಿಗೆ ಬಾಯಿ ಕ್ಯಾನ್ಸರ್ ಚಿಕಿತ್ಸೆ ನಡೆಯುವಾಗ

ಇವತ್ತಿನ ವಾಕ್ಯಭಾಗ ವಿಮೋಚನಕಾಂಡ 17ನೇ ಅಧ್ಯಾಯ, 8ರಿಂದ 13ನೇ ವಚನ. ಬೈಬಲ್ ತಂದವರು ತೆಗೆಯಿರಿ, ಮೊಬೈಲ್‌ನಲ್ಲಿ ಓದುವವರು ವಾಟ್ಸಾಪ್ ಬಂದ್ ಮಾಡಿ ತೆಗೆಯಿರಿ.

ಕಥೆ ನಿಮಗೆ ಗೊತ್ತಿದೆ. ಕೆಳಗೆ ಬಯಲಲ್ಲಿ ಯೆಹೋಶುವ ಅಮಾಲೇಕ್ಯರ ಜೊತೆ ಯುದ್ಧ ಮಾಡುತ್ತಿದ್ದಾನೆ, ಗುಡ್ಡದ ಮೇಲೆ ಮೋಶೆ ಕೈ ಎತ್ತಿ ನಿಂತಿದ್ದಾನೆ. ಕೈ ಮೇಲಿದ್ದರೆ ಇಸ್ರಾಯೇಲ್ಯರಿಗೆ ಜಯ, ಕೈ ಇಳಿದರೆ ಸೋಲು. ಆದರೆ ಕೈ ಸೋತು ಹೋಯಿತು. ಆಗ ಆರೋನ, ಹೂರ ಏನು ಮಾಡಿದರು? ನಾವೆಲ್ಲ ಕೈ ಹಿಡಿದದ್ದನ್ನೇ ಹೇಳುತ್ತೇವೆ. ಅದಕ್ಕಿಂತ ಮುಂಚೆ ಅವರು ಮಾಡಿದ ಕೆಲಸ ಓದಿ ನೋಡ್ರಿ. ಒಂದು ಕಲ್ಲು ತಂದು ಇಟ್ಟು ಅದರ ಮೇಲೆ ಅವನನ್ನು ಕೂಡಿಸಿದರು. ಕೂಡಿಸಿದ ಮೇಲೆ ಆಚೆ ಒಬ್ಬ, ಈಚೆ ಒಬ್ಬ ನಿಂತು ಹೊತ್ತು ಮುಳುಗುವ ತನಕ ಕೈ ಹಿಡಿದರು. ಶಹಾಬಾದದವರಿಗೆ ಕಲ್ಲಿನ ಬೆಲೆ ನಾನು ಹೇಳಿಕೊಡಬೇಕಿಲ್ಲ. ದಣಿದವನಿಗೆ ಮೊದಲು ಬೇಕಾದದ್ದು ಕೂಡಲಿಕ್ಕೆ ಜಾಗ ಅಂತ ಆ ಇಬ್ಬರಿಗೆ ಹೊಳೆಯಿತು, ಅಷ್ಟೇ.

ಈ ವಾಕ್ಯ ಯಾಕೆ ತೆಗೆದೆ ಅಂದರೆ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಯಾವ ಓಣಿಗೆ ಹೋದರೂ ಬಾಯಿ ಕ್ಯಾನ್ಸರ್ ಆದ ಒಂದು ಮನೆ ಸಿಗುತ್ತದೆ. ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟ್, ಕಲ್ಲಿನ ಖಣಿ, ಲಾರಿ ಡ್ರೈವಿಂಗ್. ನಿದ್ದೆ ಬರಬಾರದು ಅಂತ ಬಾಯಲ್ಲಿ ಒಂದು ಚೀಟಿ. ಕರ್ನಾಟಕದಲ್ಲಿ 2013ರಲ್ಲೇ ಗುಟಕಾ ನಿಷೇಧ ಆಯಿತು. ಆದದ್ದೇನು? ಒಂದು ಚೀಟಿ ಎರಡು ಚೀಟಿ ಆಯಿತು, ಪಾನ್ ಮಸಾಲಾ ಬೇರೆ, ತಂಬಾಕು ಬೇರೆ, ಬಾಯಲ್ಲಿ ಎರಡೂ ಒಂದೇ. ತಂಬಾಕು ಇಲ್ಲದ ಬರೀ ಅಡಿಕೆ ಅಂದುಕೊಂಡವರೂ ಕೇಳಿರಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತು ಅಂತ ಪಟ್ಟಿಗೆ ಸೇರಿಸಿ ಇಪ್ಪತ್ತು ವರ್ಷ ಆಯಿತು. ನಮ್ಮ ಪಕ್ಕದ ಮಹಾರಾಷ್ಟ್ರದ ಶರದ್ ಪವಾರ್ ಅವರಿಗೂ 2004ರಲ್ಲಿ ಬಾಯಿ ಕ್ಯಾನ್ಸರ್ ಆಗಿ ಆಪರೇಷನ್, ರೇಡಿಯೇಷನ್ ಎರಡೂ ಆಯಿತು. ಆಮೇಲೆ ಎಷ್ಟು ವರ್ಷ ರಾಜಕೀಯ ಮಾಡಿದರು ನಿಮಗೇ ಗೊತ್ತು. ಅಂದರೆ ಬಾಯಿ ಕ್ಯಾನ್ಸರ್ ಅಂದ ತಕ್ಷಣ ಕಥೆ ಮುಗಿಯಿತು ಅಂತ ಅಲ್ಲ.

ಆದರೆ ಇವತ್ತಿನ ಪಾಠ ರೋಗಿಗಲ್ಲ. ಪಕ್ಕದಲ್ಲಿ ಕೂತಿರುವ ಹೆಂಡತಿಗೆ, ಗಂಡನಿಗೆ. ನಿಮ್ಮಲ್ಲಿ ಮದುವೆಯಾದವರು ಕಡಿಮೆ, ಬೆಂಗಳೂರು, ಹೈದರಾಬಾದಿನಲ್ಲಿ ಕೆಲಸ ಮಾಡುವವರು ಜಾಸ್ತಿ. ಊರಲ್ಲಿ ಅಪ್ಪನಿಗೆ ಹೀಗಾದರೆ ಅವ್ವ ಒಬ್ಬಳೇ ಕೈ ಎತ್ತಿ ನಿಲ್ಲುತ್ತಾಳೆ. ಕಲ್ಲು ತರುವವರು ನೀವು. ನಾನು ಡಾಕ್ಟರ್ ಅಲ್ಲ, ನನ್ನದು ಬೈಬಲ್ ಕಾಲೇಜಿನ ಡಿಪ್ಲೊಮಾ. ಆಸ್ಪತ್ರೆಯ ಕಾಯುವ ಹಾಲ್‌ನಲ್ಲಿ ನಮ್ಮ ಕುಟುಂಬಗಳ ಜೊತೆ ಕೂತು, ಡಾಕ್ಟರರನ್ನು ಕೇಳಿ ತಿಳಿದದ್ದನ್ನು ಹೇಳುತ್ತೇನೆ. ನಿಮ್ಮ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ಕೇಳಬೇಕು.

ನಮ್ಮ ಕಡೆ ರೇಡಿಯೇಷನ್‌ಗೆ ಕರೆಂಟ್ ಕೊಡೋದು ಅಂತಾರೆ. ಆ ಹೆಸರಿನಿಂದಲೇ ಅರ್ಧ ಭಯ. ಅದು ಶಾಕ್ ಅಲ್ಲ, ಎಕ್ಸ್‌ರೇಯಂಥ ಕಿರಣ, ಅದಕ್ಕಿಂತ ಬಹಳ ಶಕ್ತಿಯದ್ದು. ಆಪರೇಷನ್ ಆದ ಮೇಲೆ ಕೊಡುವುದಾದರೆ ಸಾಮಾನ್ಯವಾಗಿ 60 ಗ್ರೇ, ದಿನಕ್ಕೆ 2 ಗ್ರೇ ಲೆಕ್ಕದಲ್ಲಿ 30 ಸಲ, ವಾರಕ್ಕೆ ಐದು ದಿನ, ಒಟ್ಟು ಆರು ವಾರ. ಆಪರೇಷನ್ ಇಲ್ಲದೆ ಕೊಟ್ಟರೆ ಸುಮಾರು ಏಳು ವಾರ. ಕೆಲವರಿಗೆ ಜೊತೆಗೆ ಕೀಮೋ ಸೂಜಿ. ಶುರುವಿಗೆ ಮುಂಚೆ ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಒತ್ತಿ ಒಂದು ಮಾಸ್ಕ್ ಮಾಡುತ್ತಾರೆ. ದಿನಾ ಅದೇ ಮಾಸ್ಕ್ ಹಾಕಿ ಮೇಜಿಗೆ ಕ್ಲಿಪ್ ಮಾಡುತ್ತಾರೆ, ತಲೆ ಅಲುಗಾಡಬಾರದು. ಕೆಲವರಿಗೆ ಅದರೊಳಗೆ ಉಸಿರು ಕಟ್ಟಿದಂತೆ ಆಗುತ್ತದೆ. ಕೋಣೆಯೊಳಗೆ ಅವರೊಬ್ಬರೇ, ಟೆಕ್ನಿಷಿಯನ್ ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ. ಹೆಂಡತಿ ಜೊತೆಗೆ ಹೋಗಲಿಕ್ಕಾಗದ ಜಾಗ ಅದೊಂದೇ, ಅದೂ ಕೆಲವೇ ನಿಮಿಷ. ಒಳಗೆ ಹೋಗುವ ಮುಂಚೆ ಇಬ್ಬರೂ ಕೈ ಹಿಡಿದು ಚಿಕ್ಕ ಪ್ರಾರ್ಥನೆ ಮಾಡಿರಿ. ಉದ್ದ ಬ್ಯಾಡ, ಹಿಂದೆ ಲೈನ್ ಇರುತ್ತದೆ.

ಹೊರಗಿನಿಂದ ಕೊಡುವ ಈ ಕಿರಣ ಮಷೀನ್ ನಿಂತ ಕ್ಷಣಕ್ಕೆ ನಿಲ್ಲುತ್ತದೆ. ಮೈಯೊಳಗೆ ಉಳಿಯುವುದಿಲ್ಲ. ಮಗುವನ್ನು ಎತ್ತಿಕೊಳ್ಳಬಹುದು, ಗಂಡ ಹೆಂಡತಿ ಒಂದೇ ಹಾಸಿಗೆಯಲ್ಲಿ ಮಲಗಬಹುದು. ಕ್ಯಾನ್ಸರ್ ಸಹ ಎಂಜಲಿನಿಂದ, ತಟ್ಟೆಯಿಂದ ಹರಡುವುದಿಲ್ಲ. ಆದರೂ ಎಷ್ಟು ಮನೆಗಳಲ್ಲಿ ತಟ್ಟೆ ಬೇರೆ, ಲೋಟ ಬೇರೆ, ಮೊಮ್ಮಕ್ಕಳನ್ನು ಹತ್ತಿರ ಬಿಡುವುದಿಲ್ಲ! ಯೇಸು ಸ್ವಾಮಿ ಕುಷ್ಠರೋಗಿಯನ್ನು ಮುಟ್ಟಿದ್ದನ್ನು ಭಾನುವಾರ ಸಾರಿ, ಸೋಮವಾರ ಅಣ್ಣನ ಲೋಟ ಬೇರೆ ಇಟ್ಟರೆ ಆ ಸಾರಿದ್ದಕ್ಕೆ ಏನು ಅರ್ಥ?

ಈಗ ಮನೆಯೊಳಗಿನ ಮಾತಿಗೆ ಬರೋಣ. ಎರಡನೇ, ಮೂರನೇ ವಾರದಲ್ಲಿ ಬಾಯಿ ಕೆಂಪಾಗಿ ಹುಣ್ಣಾಗುತ್ತದೆ. ಕೊನೆಯ ವಾರ ಮತ್ತು ಮುಗಿದ ಮೇಲಿನ ಒಂದೆರಡು ವಾರ ಅತಿ ಕಷ್ಟದ ಕಾಲ. ಇದನ್ನು ಮೊದಲೇ ತಿಳಿದಿರಬೇಕು, ಇಲ್ಲಾಂದ್ರೆ ಕರೆಂಟ್ ಮುಗಿಯಿತು, ಇನ್ನೂ ಯಾಕೆ ಜಾಸ್ತಿ ಆಗ್ಲಿಕತ್ತದ ಅಂತ ಎದೆ ಒಡೆಯುತ್ತದೆ. ಆ ಮೇಲೆ ನಿಧಾನಕ್ಕೆ ಮಾಯುತ್ತದೆ. ರುಚಿ ಹೋಗುತ್ತದೆ, ಎಂಜಲು ಗಟ್ಟಿ ದಾರದ ಹಾಗೆ ಆಗಿ ಆಮೇಲೆ ಬಾಯಿ ಒಣಗುತ್ತದೆ. ನೀವು ಎಷ್ಟು ಪ್ರೀತಿಯಿಂದ ಮಾಡಿದ ಅಡುಗೆಯನ್ನೂ ಅವರು ಮಣ್ಣಿನಂಗ ಅದ ಅಂತ ತಳ್ಳುತ್ತಾರೆ. ಅದು ನಿಮ್ಮ ಕೈಗೆ ಹೇಳಿದ ಮಾತಲ್ಲ, ಅವರ ನಾಲಿಗೆಗೆ ನಿಜವಾಗಲೂ ಮಣ್ಣೇ.

1 ಅರಸುಗಳು 19 ನೆನಪಿಸಿಕೊಳ್ಳಿ. ಎಲೀಯ ಗಿಡದ ಬುಡಕ್ಕೆ ಮಲಗಿ, ಸಾಯಬೇಕು ಅಂತ ಬೇಡಿಕೊಂಡ. ದೇವರು ಮೊದಲು ಪ್ರಸಂಗ ಕೊಡಲಿಲ್ಲ. ದೂತನು ಬಂದು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಎರಡನೇ ಸಲ ಬಂದು ಮತ್ತೆ ಉಣ್ಣು ಅಂದ. ಎರಡನೇ ಸಲ! ನಿಮಗೆ ದಿನಕ್ಕೆ ಎಂಟು ಸಲ ಬೇಕಾಗಬಹುದು. ಒಂದೇ ಊಟಕ್ಕೆ ಹೊಟ್ಟೆ ತುಂಬಾ ಅನ್ನುವುದು ಬಿಟ್ಟು ಎರಡು ತಾಸಿಗೊಮ್ಮೆ ಒಂದು ಲೋಟ ಲೆಕ್ಕ ಹಾಕಿರಿ.

ಖಡಕ್ ರೊಟ್ಟಿ, ಖಾರ ಬ್ಯಾಳಿ, ಶೇಂಗಾ ಹಿಂಡಿ ಆರು ವಾರ ಮರೆಯಬೇಕು. ಮೆತ್ತಗೆ ಬೇಯಿಸಿದ ಅನ್ನ, ಖಾರ ಹುಳಿ ಇಲ್ಲದ ತೊಗರಿ ಬ್ಯಾಳಿ ಮಿಕ್ಸಿಗೆ ಹಾಕಿ ಮೇಲೆ ತುಪ್ಪ. ಜೋಳದ ಗಂಜಿ, ರಾಗಿ ಅಂಬಲಿಗೆ ಹಾಲು. ಮೊಟ್ಟೆ ತಿನ್ನುವವರಿಗೆ ಮೊಟ್ಟೆಯಷ್ಟು ಅಗ್ಗದ, ಒಳ್ಳೆಯ ಶಕ್ತಿ ಬೇರೆ ಇಲ್ಲ, ಆದರೆ ಪೂರ್ತಿ ಬೇಯಿಸಿದ್ದು. ಬಾಳೆಹಣ್ಣು ಹಾಲಲ್ಲಿ ತಿರುವಿ. ಬಿಸಿ ಬೇಡ, ಉಗುರುಬೆಚ್ಚಗೆ ಅಥವಾ ತಣ್ಣಗೆ. ನೋವಿನ ಗುಳಿಗೆಯನ್ನು ಊಟಕ್ಕೆ ಅರ್ಧ ತಾಸು ಮುಂಚೆ ಕೊಟ್ಟರೆ ನುಂಗಲಿಕ್ಕೆ ದಾರಿ ಸಿಗುತ್ತದೆ. ಬಾಯಿ ಜೋಮು ಹಿಡಿಸುವ ಔಷಧವೂ ಇದೆ, ಕೇಳಿರಿ. ಮಾರ್ಫಿನ್ ಬರೆದರೆ ಹೌಹಾರಬೇಡಿ. ನೋವಿಗೆ ಡಾಕ್ಟರ್ ಅಳತೆ ಮಾಡಿ ಕೊಟ್ಟದ್ದು ಚಟ ಅಲ್ಲ. ನೋವು ಸಹಿಸಿದರೆ ಶಿಲುಬೆ ಹೊತ್ತಂತೆ ಅಂತ ಯಾರಾದರೂ ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸಿ.

ಬಾಯಿ ತೊಳೆಯುವುದು ಊಟದಷ್ಟೇ ಮುಖ್ಯ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಒಂದು ಟೀಚಮಚ ಉಪ್ಪು, ಒಂದು ಟೀಚಮಚ ಅಡುಗೆ ಸೋಡಾ. ದಿನಾ ಹೊಸದಾಗಿ ಮಾಡಿ, ಎಚ್ಚರ ಇರುವ ಹೊತ್ತೆಲ್ಲಾ ಎರಡು ತಾಸಿಗೊಮ್ಮೆ ಮುಕ್ಕಳಿಸಿ ಉಗುಳಬೇಕು. ಅಂಗಡಿಯ ಉರಿಯುವ ಮೌತ್‌ವಾಶ್ ಬೇಡ, ಅದರಲ್ಲಿ ಆಲ್ಕೋಹಾಲ್ ಇರಬಹುದು. ಅತಿ ಮೆತ್ತನೆಯ ಬ್ರಷ್. ಬಾಯಲ್ಲಿ ಬೆಳ್ಳಗೆ ಮೊಸರು ಅಂಟಿದಂತೆ ಕಂಡರೆ ಅದು ಫಂಗಸ್ ಇರಬಹುದು, ತೋರಿಸಿದರೆ ಔಷಧಿ ಇದೆ.

ಪ್ರತಿ ವಾರ ತೂಕ ಬರೆದಿಡಿ. ತೂಕ ಇಳಿದರೆ ಬರೀ ಶಕ್ತಿ ಹೋಗುವುದಲ್ಲ, ಮುಖ ಬಡವಾಗಿ ಆ ಮಾಸ್ಕ್ ಸಡಿಲಾಗುತ್ತದೆ, ಕಿರಣ ಬೀಳಬೇಕಾದ ಜಾಗ ಸರಿಯುತ್ತದೆ, ಮತ್ತೆ ಮಾಸ್ಕ್, ಮತ್ತೆ ಪ್ಲಾನಿಂಗ್ ಮಾಡಬೇಕಾಗಬಹುದು. ಬಾಯಿಂದ ಹೋಗದೇ ಇದ್ದರೆ ಮೂಗಿನಿಂದ ಹೊಟ್ಟೆಗೆ ಪೈಪ್ ಹಾಕೋಣ ಅಂತಾರೆ. ಮೂಗಿಗೆ ಪೈಪ್ ಬಂತು ಅಂದ್ರ ಕೊನೀಗಿ ಬಂತು ಅಂತ ನಮ್ಮವರು ಅಳುತ್ತಾರೆ. ಹಾಗಲ್ಲ. ಹುಣ್ಣು ಮಾಯುವ ತನಕ ಅದೊಂದು ಬಾಡಿಗೆ ದಾರಿ, ಬಹಳ ಜನರಿಗೆ ಆಮೇಲೆ ತೆಗೆಯುತ್ತಾರೆ.

ಈಗ ನಮ್ಮ ಸಭೆಗಳಿಗೇ ಸೇರಿದ ಮೂರು ಮಾತು. ಕೆಲವರಿಗೆ ಕಹಿ ಆಗಬಹುದು.

ಉಪವಾಸ. ಕರೆಂಟ್ ನಡೆಯುವಾಗ ರೋಗಿ ಉಪವಾಸ ಮಾಡಬಾರದು. ಇಪ್ಪತ್ತೊಂದು ದಿನ ಮಾಡುತ್ತೇನೆ ಅಂತ ಹಟ ಹಿಡಿದವರನ್ನು ನೋಡಿದ್ದೇನೆ. ಎಲೀಯನಿಗೆ ದೂತನು ಹೇಳಿದ್ದು ಉಣ್ಣು ಅಂತ. ಉಪವಾಸ ಸಭೆಯವರು ಮಾಡಲಿ, ಸರದಿ ಹಾಕಿಕೊಂಡು ಮಾಡಲಿ. ಪಕ್ಕದಲ್ಲಿರುವ ಹೆಂಡತಿಯೂ ಮಾಡಬಾರದು ಅಂತ ನನ್ನ ಅಭಿಪ್ರಾಯ. ಬಸ್ಸಿನಲ್ಲಿ ಅವನನ್ನು ಹಿಡಿದುಕೊಳ್ಳುವವಳು ಅವಳೇ.

ಎಣ್ಣೆ. ಯಾಕೋಬನ ಪತ್ರಿಕೆ 5ರ ಪ್ರಕಾರ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತೇವೆ, ಆಮೆನ್. ಹಣೆಗೆ ಒಂದು ಹನಿ ಹಚ್ಚಿರಿ. ಆದರೆ ಕಿರಣ ಬೀಳುವ ಗಲ್ಲ, ಕುತ್ತಿಗೆಗೆ ಎಣ್ಣೆ, ಅರಿಶಿಣ, ಬಾಮ್ ಏನೂ ತಿಕ್ಕಬೇಡಿ. ಆ ಚರ್ಮ ಸುಟ್ಟಂತೆ ಆಗಿರುತ್ತದೆ. ಡಾಕ್ಟರ್ ಬರೆದದ್ದು ಮಾತ್ರ. ಸಾಬೂನು ಹಚ್ಚಿ ಉಜ್ಜುವುದು, ಬ್ಲೇಡಿನಿಂದ ಗಡ್ಡ ಮಾಡುವುದು ಸಹ ಬೇಡ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಮೆತ್ತನೆ ಹತ್ತಿ ಬಟ್ಟೆ ಕುತ್ತಿಗೆಗೆ ಸುತ್ತಿ ಕರೆದೊಯ್ಯಿರಿ.

ಮೂರನೆಯದು, ನಡುವೆ ಬಿಟ್ಟುಬಿಡುವುದು. ಇದರಲ್ಲಿ ಜೀವ ಇದೆ, ಗಮನ ಇಟ್ಟು ಕೇಳಿ. ಹತ್ತು ಕರೆಂಟ್ ಆದ ಮೇಲೆ ಗಡ್ಡೆ ಸಣ್ಣದಾಗಿ ಕಾಣುತ್ತದೆ. ಯಾರೋ ಸ್ವಸ್ಥತೆ ಕೂಟಕ್ಕೆ ಕರೆಯುತ್ತಾರೆ, ವಾಸಿ ಆಯಿತು ಅಂತ ಸಾಕ್ಷಿ ಹೇಳಿಸುತ್ತಾರೆ, ಆಸ್ಪತ್ರೆ ಬಿಡಿಸುತ್ತಾರೆ. ದೇವರು ಸ್ವಸ್ಥ ಮಾಡುತ್ತಾನೆ, ಅದರಲ್ಲಿ ನನಗೆ ಒಂದು ಕೂದಲಿನಷ್ಟೂ ಸಂಶಯ ಇಲ್ಲ. 2 ಅರಸುಗಳು 5ರಲ್ಲಿ ನಾಮಾನನಿಗೆ ಯೊರ್ದನಿನಲ್ಲಿ ಏಳು ಸಲ ಮುಳುಗು ಅಂತ ಪ್ರವಾದಿ ಹೇಳಿದ. ಮೂರನೇ ಸಲಕ್ಕೆ ಎದ್ದು ಹೋಗಿದ್ದರೆ? ಅವನನ್ನು ನೀರಿಗಿಳಿಯಲಿಕ್ಕೆ ಒಪ್ಪಿಸಿದವರು ಅವನ ಸೇವಕರು ಅನ್ನುವುದನ್ನೂ ನೋಡಿರಿ. ಪಕ್ಕದವರ ಕೆಲಸ ಅದೇ. ಹಿಜ್ಕೀಯನಿಗೆ ಗುಣ ಆಗುತ್ತದೆಂದು ದೇವರ ಮಾತು ಬಂದ ಮೇಲೂ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಇಡಿಸಿದ.

ದಿನ ತಪ್ಪಿದರೆ ಏನಾಗುತ್ತದೆ ಅಂತ ಕೇಳಿದರೆ ಡಾಕ್ಟರರು ಲೆಕ್ಕ ಹೇಳುತ್ತಾರೆ. ತಲೆ, ಕುತ್ತಿಗೆ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಉದ್ದ ಆದರೆ ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಶೇಕಡಾ ಒಂದರ ಆಸುಪಾಸು ಕಡಿಮೆ ಆಗುತ್ತದೆ. ಒಂದು ವಾರ ಜಾತ್ರೆಗೆ, ಮದುವೆಗೆ, ತೊಗರಿ ರಾಶಿಗೆ ಅಂತ ಬಿಟ್ಟರೆ ನೀವೇ ಕೂಡಿಸಿ ನೋಡ್ರಿ. ಉಳಿದ ಜೀವಕೋಶಗಳು ಆ ರಜೆಯಲ್ಲಿ ಬೆಳೆಯುತ್ತವೆ. ಅದಕ್ಕೇ ಹೊತ್ತು ಮುಳುಗುವ ತನಕ ಕೈ ಇಳಿಸಬಾರದು.

ತಪ್ಪದೆ ಹೋಗಬೇಕಾದರೆ ಊರಿನ ಲೆಕ್ಕ ಬೇಕು. ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲೇ ಇದೆ, ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಿಲ್ಲ. ಶಹಾಬಾದ್, ವಾಡಿಯವರು ರೈಲಿನಲ್ಲಿ ದಿನಾ ಹೋಗಿ ಬರಬಹುದು. ಚಿತ್ತಾಪುರ, ಸೇಡಂ ಕಡೆಯವರಿಗೆ ತಾಂಡೂರ ಮೇಲೆ ಹೈದರಾಬಾದಿನ ರೈಲೂ ಇದೆ, ಅದಕ್ಕೇ ಅರ್ಧ ಜನ ಆ ಕಡೆ ನೋಡುತ್ತಾರೆ. ಚಿಂಚೋಳಿಗೆ ರೈಲೇ ಇಲ್ಲ, ಬಾಯಿ ಹುಣ್ಣಾದವರನ್ನು ದಿನಾ ಬಸ್ಸಿನಲ್ಲಿ ಕುಲುಕಿಸುವುದು ಹಿಂಸೆ. ಕೊನೆಯ ಮೂರು ವಾರವಾದರೂ ಕಲಬುರಗಿಯಲ್ಲಿ ಒಂದು ಕೋಣೆ ನೋಡಿರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ. ರೆಫರಲ್ ಚೀಟಿ ಮೊದಲೇ ಮಾಡಿಸಿ, ರಾಜ್ಯದ ಹೊರಗೆ ಹೋಗುವುದಾದರೆ ಅಲ್ಲಿ ಕಾರ್ಡ್ ನಡೆಯುತ್ತದಾ ಅಂತ ದುಡ್ಡು ಕಟ್ಟುವ ಮುಂಚೆ ಕೇಳಿ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯವರು ರೈಲ್ವೆ ಫಾರಂಗೆ ಸಹಿ ಮಾಡಬೇಕು. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಅಕ್ಕಂದಿರಿಗೆ ಟಿಕೆಟ್ ಇಲ್ಲ. ಈ ಕಾಗದದ ಕೆಲಸ ಅವ್ವನಿಂದ ಆಗುವುದಿಲ್ಲ. ಆನ್‌ಲೈನ್ ಗೊತ್ತಿರುವ ನೀವು ಮಾಡಿರಿ. ಅದೇ ನಾನು ಹೇಳಿದ ಕಲ್ಲು.

ಒಂದು ದೂರು ನನಗಿದೆ, ಗಂಡಸರ ಮೇಲೆ. ಗಂಡನಿಗೆ ಕ್ಯಾನ್ಸರ್ ಆದರೆ ಹೆಂಡತಿ ಮೂವತ್ತು ದಿನವೂ ಹೋಗುತ್ತಾಳೆ. ಹೆಂಡತಿಗೆ ಆದರೆ? ತಂಬಾಕು ತಿಕ್ಕುವ, ಎಲೆ ಅಡಿಕೆ ಹಾಕುವ ಅಕ್ಕಂದಿರು ನಮ್ಮಲ್ಲಿ ಕಡಿಮೆ ಇಲ್ಲ. ಅವಳ ಜೊತೆ ಅವಳ ಅವ್ವ ಬರುತ್ತಾಳೆ, ತಂಗಿ ಬರುತ್ತಾಳೆ. ಗಂಡ ಡ್ಯೂಟಿ ಅಂತಾನೆ. ಎಫೆಸ 5ರಲ್ಲಿ ಪೌಲನು ಗಂಡನಿಗೆ ಹೇಳುವುದು ಸ್ವಂತ ದೇಹವನ್ನು ಸಾಕಿ ಸಲಹುವಂತೆ ಹೆಂಡತಿಯನ್ನು ನೋಡಿಕೊಳ್ಳಬೇಕು ಅಂತ. ಸಾಕುವುದು ಅಂದರೆ ಅಂಬಲಿ ಕಾಸುವುದು ಸಹ. ಮಿಕ್ಸಿ ಗಂಡಸರ ಕೈಗೂ ತಿರುಗುತ್ತದೆ.

ಇನ್ನೊಂದು ಕಡೆ, ಗಂಡ ಮಲಗಿದರೆ ಸೊಸೆಗೆ ನಿನ್ನ ಕಾಲ್ಗುಣ ಅನ್ನುವ ಮನೆಗಳಿವೆ. ವಿಶ್ವಾಸಿಗಳ ಮನೆಯಲ್ಲಿ ಅದೇ ಮಾತು ಬೇರೆ ಬಟ್ಟೆ ಹಾಕಿಕೊಂಡು ಬರುತ್ತದೆ: ಶಾಪ, ಪಾಪ, ಪ್ರಾರ್ಥನೆ ಸಾಲದು. ಯೋಹಾನ 9ರಲ್ಲಿ ಶಿಷ್ಯರು ಹುಟ್ಟುಕುರುಡನನ್ನು ನೋಡಿ ಯಾರ ಪಾಪ ಅಂತ ಕೇಳಿದಾಗ ಯೇಸು ಆ ಲೆಕ್ಕವನ್ನೇ ಒಪ್ಪಲಿಲ್ಲ. ತಂಬಾಕಿನಿಂದ ಬಂದದ್ದು ನಿಜ ಇರಬಹುದು. ಆದರೆ ಮಾಸ್ಕ್ ಕೆಳಗೆ ಮಲಗಿದವನಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತಿದೆ. ನಾ ಹೇಳಿದ್ದೆನಲ್ಲಾ ಅನ್ನುವ ಮಾತು ನುಂಗಿಕೊಳ್ಳಿ. ತಂಬಾಕು ಮಾತ್ರ ಮನೆಯಿಂದ ಪೂರ್ತಿ ಹೊರಗೆ, ಮಾವನದೂ, ಮೈದುನನದೂ. ಚಿಕಿತ್ಸೆ ನಡೆಯುವಾಗ ತಂಬಾಕು ಮುಂದುವರಿಸಿದರೆ ಹುಣ್ಣು ಹೆಚ್ಚು, ಫಲ ಕಡಿಮೆ. ಬಿಡಲಾಗದೆ ಒದ್ದಾಡಿದರೆ 1800-112-356 ಸರ್ಕಾರದ ಉಚಿತ ಸಹಾಯವಾಣಿ, ಪೊಲೀಸ್ ಅಲ್ಲ, ಸಲಹೆ ಕೊಡುವವರು.

ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ, ವಾಸನೆ ಬರುತ್ತದೆ. ಅವರು ಕನ್ನಡಿ ನೋಡುವುದು ಬಿಡುತ್ತಾರೆ, ಸಿಟ್ಟು ನಿಮ್ಮ ಮೇಲೆ ಬರುತ್ತದೆ. ಸ್ಲೇಟೋ ಮೊಬೈಲೋ ಕೊಟ್ಟು ಬರೆಸಿ. ಅವರ ಪರವಾಗಿ ಎಲ್ಲದಕ್ಕೂ ನೀವೇ ಉತ್ತರ ಕೊಡಬೇಡಿ. ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ನೆಲದ ಮೇಲೆ ಕೂತಿದ್ದರು, ಬಾಯಿ ತೆರೆದ ಮೇಲೆಯೇ ಕೆಟ್ಟದ್ದು.

ನೂರು ಡಿಗ್ರಿ ದಾಟಿ ಜ್ವರ, ಅದರಲ್ಲೂ ಕೀಮೋ ನಡೆಯುವಾಗ, ನೀರೂ ನುಂಗಲಾಗದಿರುವುದು, ಬಾಯಿಂದ ರಕ್ತ, ಉಸಿರಾಡುವಾಗ ಸದ್ದು. ಇವು ಬಂದರೆ ಪಾಸ್ಟರಿಗೆ ಫೋನ್ ಆಮೇಲೆ, ಆಸ್ಪತ್ರೆ ಮೊದಲು.

ಮುಗಿದ ಮೇಲೂ ಕೆಲಸ ಇದೆ. ಬಾಯಿ ತೆರೆಯುವ ವ್ಯಾಯಾಮ ಶುರುವಿನಿಂದಲೇ ಕೇಳಿ ಕಲಿಯಿರಿ. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ವಾರ ಕಳೆದಂತೆ ಒಂದೊಂದು ಕಡ್ಡಿ ಹೆಚ್ಚಿಸುತ್ತಾರೆ. ಬಹಳ ವರ್ಷ ಗುಟಕಾ ತಿಂದವರಿಗೆ ಮೊದಲೇ ಬಾಯಿ ಎರಡು ಬೆರಳು ಮಾತ್ರ ತೆರೆಯುತ್ತಿರುತ್ತದೆ, ಬಿಟ್ಟರೆ ಅದೂ ಮುಚ್ಚುತ್ತದೆ. ಹಲ್ಲಿನ ಡಾಕ್ಟರಿಗೆ ಕರೆಂಟಿಗೆ ಮುಂಚೆಯೇ ತೋರಿಸಿ, ಕೀಳಿಸಬೇಕಾದ ಹಲ್ಲು ಕೀಳಿಸಿ ಗಾಯ ಮಾಯಲು ಎರಡು ಮೂರು ವಾರ ಬೇಕು. ಆಮೇಲೆ ಜೀವನಪೂರ್ತಿ, ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಲ್ಲು ಕೀಳಿಸಬಾರದು, ಕಿರಣ ಬಿದ್ದ ದವಡೆ ಎಲುಬು ಸುಲಭಕ್ಕೆ ಮಾಯುವುದಿಲ್ಲ. ಕುತ್ತಿಗೆಗೆ ಕಿರಣ ಬಿದ್ದಿದ್ದರೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಥೈರಾಯ್ಡ್ ರಕ್ತ ಪರೀಕ್ಷೆ.

ಕಡೆಯದಾಗಿ ಆ ಹೆಂಡತಿ, ಆ ಗಂಡ. ಮೋಶೆಯ ಕೈಯೇ ಸೋತಿತು, ಅವರದು ಸೋಲುವುದಿಲ್ಲವಾ? ಹೇಗಿದ್ದೀರಿ ಅಂತ ಕೇಳಿದರೆ ದೇವರ ಕೃಪೆ ಅಂತಲೇ ಹೇಳುತ್ತಾರೆ. ಅದನ್ನು ಕೇಳಿ ವಾಪಸ್ ಬರಬೇಡಿ. ಒಂದು ದಿನ ನಾನು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ, ನೀವು ಮಲಗಿರಿ ಅಕ್ಕಾ ಅನ್ನಿರಿ. ಮಕ್ಕಳ ಸ್ಕೂಲು, ಎಮ್ಮೆಯ ಮೇವು, ಗ್ಯಾಸ್ ಸಿಲಿಂಡರ್, ಇವನ್ನು ಹಿಡಿದುಕೊಳ್ಳಿ.

ಈಗ ಸಭೆಯಲ್ಲಿ ಎರಡು ಕುಟುಂಬ ಇದೇ ದಾರಿಯಲ್ಲಿವೆ, ಅವರ ಅನುಮತಿ ಕೇಳಿಯೇ ಹೇಳುತ್ತಿದ್ದೇನೆ, ಹೆಸರು ಬೇಡ ಅಂದಿದ್ದಾರೆ. ಹಿಂದಿನ ಮೇಜಿನ ಮೇಲೆ ನೋಟ್‌ಬುಕ್ ಇದೆ. ಸೋಮವಾರದಿಂದ ಶುಕ್ರವಾರದ ತನಕ ದಿನಕ್ಕೊಬ್ಬರು ಜೊತೆಗೆ ಹೋಗಬೇಕು, ಬೈಕ್ ಬೇಡ, ಕುಲುಕುತ್ತದೆ, ಕಾರ್ ಇದ್ದವರು ಮುಂದೆ ಬನ್ನಿರಿ. ಊಟ ಕಳಿಸುವವರು ಖಾರ ಹಾಕಬೇಡಿ. ಬುಧವಾರ ಇನ್ನೂ ಖಾಲಿ ಇದೆ.